ಸದ್ದು ಮಾಡುವ ಕೀಬೋರ್ಡು

ಕಂಪ್ಯೂಟರ್ ಅಂಗಡಿಯಲ್ಲಿ ಪ್ರಿಂಟರ್ ರಿಪೇರಿಗೆ ಕಾದು ಕೂತಿದ್ದ ಗಣಿತದ ಮೇಷ್ಟ್ರು ಪೇಪರು ಬಿಡಿಸಿ ಹಿಡಿದಿದ್ದರೂ ಅವರ ಕಿವಿಯೆಲ್ಲ ಕೌಂಟರಿನ ಕಡೆಗೇ ಇತ್ತು. ಅಲ್ಲಿ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡ ಟೈಪಿಸ್ಟೊಬ್ಬಳು ತನ್ನ ಮ್ಯಾನೇಜರ ಜೊತೆ ಕೀಬೋರ್ಡು ಆರಿಸುತ್ತಿದ್ದಳು.

“ಈ ಮೆತ್ತಂದು ಕೊಡಿಸಿ ಸಾರ್. ಗಟ್ಟಿ ಕೀ ಒತ್ತಿದ್ರೆ ಕೈ ಕೆಟ್ಟೇ ಹೋಗುತ್ತೆ ಅಂದಿದಾರೆ ಡಾಕ್ಟ್ರು.”

“ಅದು ಸದ್ದೇ ಮಾಡಲ್ವಲ್ಲಮ್ಮ. ಇದು ನೋಡು, ಹೆಂಗೆ ಟಕಟಕ ಅನ್ನುತ್ತೆ!”

“ತುಂಬಿದ ಕೊಡ ತುಳುಕಲ್ಲ ಅಂತಾರೆ ಸಾರ್.”

“ಅದು ಕೊಡಕ್ಕೆ, ಆಫೀಸಿಗಲ್ಲ. ಯಾರು ಕೆಲಸ ಮಾಡ್ತಿದಾರೆ ಅಂತ ನನ್ನ ರೂಮಿಗೆ ಕೇಳಿಸ್ಬೇಕು.”

“ನಮ್ಮ ಗುಮಾಸ್ತರು ಊಟ ಆದ್ಮೇಲೆ ತೂಕಡಿಸ್ತಾ ಒಂದೇ ಕೀ ಕುಟ್ಟುತ್ತಿದ್ರು. ಅವರಿಗೆ ನೀವು ಶಹಬ್ಬಾಸ್ ಅಂದ್ರಿ.”

“ಹಳೇದೆಲ್ಲ ಯಾಕೀಗ? ಸದ್ದಿಂದೇ ತಗೋ.”

ಅವಳು ಅಂಗಡಿಯವನ ಕಡೆ ತಿರುಗಿದಳು. “ಅಣ್ಣಾ, ಹಂಗಾದ್ರೆ ಸದ್ದಿಂದು ಎರಡು ಕೊಡಿ.”

“ಎರಡ್ಯಾಕೆ?”

“ಇನ್ನೊಂದು ನಿಮ್ಮ ಟೇಬಲ್ಲಿಗೆ ಸಾರ್. ಆರು ವರ್ಷ ಆಯ್ತು, ನಿಮ್ಮ ರೂಮಿಂದ ನಮಗೇನೂ ಕೇಳಿಸಿಲ್ಲ.”

ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, “ಎರಡೂ ಮೆತ್ತಂದೇ ಕೊಡಪ್ಪ,” ಎಂದು ಹೇಳಿ, ಅವಳಿಗಿಂತ ಮೊದಲೇ ಮೆಟ್ಟಿಲಿಳಿದರು.