ಮೊದಲ ಸುತ್ತಿನಲ್ಲೇ ಔಟ್

ಅಪ್ಪನ ಹಾರ್ಮೋನಿಯಂ ಪೆಟ್ಟಿಗೆಗೆ ಹಳೆಯ ರೆಕ್ಸಿನ್ನಿನ ವಾಸನೆಯಿತ್ತು. ಎಷ್ಟೋ ವರ್ಷಗಳ ಮೇಲೆ ಸುಬ್ಬಲಕ್ಷ್ಮಿಯಮ್ಮನಿಗೆ ಅದೇ ವಾಸನೆ ಶಿರಸಿ ಬಸ್ ನಿಲ್ದಾಣದಲ್ಲಿ, ಪಕ್ಕದ ಹುಡುಗನ ಗಿಟಾರ್ ಚೀಲದಿಂದ ಬಂತು. ಅವನು ಗೆಳೆಯನನ್ನು ಕೇಳುತ್ತಿದ್ದ.

"ಬ್ಯಾಂಡಿನ ವಾಟ್ಸಾಪ್ ಗ್ರೂಪಲ್ಲಿ ಇಷ್ಟದ ರಾಕ್ ಸಂಗೀತಗಾರರಿಗೆ ಓಟು ಹಾಕೂ ನಾಕೌಟ್ ಆಟ ಅಂದ್ರಿ. ಅದ್ರಲ್ಲಿ ನನ್ನ ಹೆಸರು ಎಂತಕ್ಕೆ ಹಾಕ್ದೆ, ಸುಹಾಸ?"

"ತಮಾಷೆಗೆ ಮಾರಾಯ. ಒಂದು ಹೆಸರು ಕಮ್ಮಿ ಬಿದ್ದಿತ್ತು."

"ಮೊದಲ ಸುತ್ತಲ್ಲೇ ಜಗತ್ತಿನ ದೊಡ್ಡ ಗಿಟಾರಿಸ್ಟ್ ಎದುರಿಗೆ?"

"ಚೀಟಿ ಎತ್ತಿದ್ದು, ಅರ್ಮಾನ್. ಊರಿನ ಕ್ರಿಕೆಟ್ ಟೂರ್ನಮೆಂಟಲ್ಲಿ ಎತ್ತೂದಿಲ್ವಾ, ಹಾಗೆ."

"ನಮ್ಮ ಬ್ಯಾಂಡಿನವ್ರು ಒಬ್ರೂ ನನಗೆ ಓಟು ಹಾಕ್ಲಿಲ್ಲ."

"ಅವನ ಎದುರು ನಿನಗೆ ಹಾಕೂದಾ?"

"ಬ್ಯಾಡ. ಸೋತವ್ರು ಹೊರಗೆ ಅಂತ ಗ್ರೂಪಲ್ಲಿ ಬರೆದ್ರಿ, ನಾನೂ ನಕ್ಕೆ. ಇವತ್ತು ಯಲ್ಲಾಪುರದ ಕಾರ್ಯಕ್ರಮದಲ್ಲಿ ನನ್ನ ಜಾಗದಲ್ಲಿ ಬೇರೆಯವ ನುಡಿಸ್ತಾನಂತೆ."

"ಯಾರು ಹೇಳಿದ್ದು?"

"ನಿಮ್ಮ ಪೋಸ್ಟರ್."

ಸುಹಾಸ ನೆಲ ನೋಡಿದ. "ಎದುರಿಗೆ ಹೇಳೂಕೆ ಧೈರ್ಯ ಬರ್ಲಿಲ್ಲ."

"ಅದಕ್ಕೇ ತಮಾಷೆ ಮಾಡಿ ಹೇಳಿದ್ರಿ."

ಯಲ್ಲಾಪುರದ ಬಸ್ ಬಂತು. ಸುಹಾಸ ತಲೆ ತಗ್ಗಿಸಿಕೊಂಡೇ ಹತ್ತಿದ. ಅರ್ಮಾನ್ ಹತ್ತಲಿಲ್ಲ. ಗಿಟಾರ್ ಚೀಲದ ಜೇಬಿನಿಂದ ಬಿಸಿ ಆರದ ಡಬ್ಬಿ ತೆಗೆದ.

"ಅಮ್ಮಿಗೆ ಇನ್ನೂ ಹೇಳಿಲ್ಲ. ಎಂದಿನ ಹಾಗೆ ನಿನಗೆ ಅಂತ ಬೇರೆ ಪಾತ್ರೆಲಿ ತರಕಾರಿ ಪಲಾವ್ ಮಾಡಿದಾಳೆ," ಎಂದು ಮೆಲ್ಲಗೆ ಹೇಳಿ, ಬಸ್ಸಿನ ಕಿಟಕಿಯಿಂದ ಸುಹಾಸನ ಕೈಗೆ ಕೊಟ್ಟ.