ಗೋಡೆ ಎಲ್ಲಿಗೆ ಮುಗಿಯುತ್ತದೆ?

ಇವತ್ತಿನ ಪ್ರವಚನಕ್ಕೆ ಒಬ್ಬ ಶ್ರೀಮಂತನ ಕಥೆ. ಊರು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ‘ಸದ್ಯ, ನಮ್ಮೂರಲ್ಲ’ ಎಂದು ಒರಗಿ ಕೂರುತ್ತೀರಿ. ಅವನ ಹೆಸರೂ ಬೇಡ. ಹೆಸರು ಕೇಳಿದೊಡನೆ ನಿಮ್ಮ ಕಣ್ಣು ಪಕ್ಕದವರ ಕಡೆಗೆ ಹೋಗುತ್ತದೆ.

ಈ ಶ್ರೀಮಂತನಿಗೆ ಅರವತ್ತು ತುಂಬಿದ ಮೇಲೆ ಮೌನದ ಮೇಲೆ ಭಕ್ತಿ ಹುಟ್ಟಿತು. ಅಂಥ ಭಕ್ತಿ ಹುಟ್ಟಿದರೆ ಬಡವ ಬಾಯಿ ಮುಚ್ಚಿ ಕೂರುತ್ತಾನೆ. ಶ್ರೀಮಂತ ಕಟ್ಟಡ ಕಟ್ಟುತ್ತಾನೆ. ಹೆದ್ದಾರಿ ಪಕ್ಕದ ದಿಣ್ಣೆಯ ಮೇಲೆ ನಾಲ್ಕಂತಸ್ತಿನ ಮೌನಮಂದಿರ, ಅದರ ನೆತ್ತಿಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಅವನ ಹೆಸರು ಎಂದು ನಕ್ಷೆ ಬರೆಸಿದ. ಮೌನಕ್ಕೆ ಇಷ್ಟು ದೊಡ್ಡ ಗಂಟಲು ಬೇಕೇ ಎಂದು ಯಾರೂ ಕೇಳಲಿಲ್ಲ.

ಆ ದಿಣ್ಣೆ ರಸ್ತೆಗೆ ಜಾರದಂತೆ ಹಿಡಿದಿದ್ದುದು ಮೂವತ್ತಡಿ ಎತ್ತರದ ಒಂದು ಗೋಡೆ. ನೋಡಿ, ಈ ಗೋಡೆಯನ್ನು ಸ್ವಲ್ಪ ಅರ್ಥ ಮಾಡಿಕೊಳ್ಳಿ. ಮುಂದೆ ಕಾಣುವುದು ಗೇಣು ದಪ್ಪದ ಸಿಮೆಂಟ್ ಇಟ್ಟಿಗೆ, ಅದೂ ಗಾರೆಯಿಲ್ಲದೆ ಜೋಡಿಸಿದ್ದು. ಅಷ್ಟು ಮಣ್ಣಿನ ಭಾರವನ್ನು ಅದೊಂದೇ ತಡೆದೀತೇ? ಇಲ್ಲ. ಇಟ್ಟಿಗೆಗಳ ಬೆನ್ನಿನಿಂದ ಕಪ್ಪು ಬಲೆಯ ಹಾಳೆಗಳು ಮಣ್ಣಿನೊಳಗೆ ಇಪ್ಪತ್ತೆರಡು ಅಡಿ ಹಿಂದಕ್ಕೆ ಹೋಗಿರುತ್ತವೆ. ಒಂದು ಪದರ ಮಣ್ಣು, ಒಂದು ಹಾಳೆ ಬಲೆ. ಮತ್ತೆ ಮಣ್ಣು, ಮತ್ತೆ ಬಲೆ. ಬಲೆ ಮಣ್ಣನ್ನು ಹಿಡಿಯುತ್ತದೆ, ಮಣ್ಣು ಬಲೆಯನ್ನು ಹಿಡಿಯುತ್ತದೆ, ಎರಡೂ ಸೇರಿ ಇಟ್ಟಿಗೆಯ ಮಾನ ಕಾಯುತ್ತವೆ.

ಶ್ರೀಮಂತನಿಗೆ ಕಂಡದ್ದು ಇಟ್ಟಿಗೆ ಮಾತ್ರ. ಗೋಡೆಯಿಂದ ಹತ್ತಡಿ ಬಿಟ್ಟಿದ್ದೇನೆ, ಧಾರಾಳವಾಯಿತು ಎಂದುಕೊಂಡು, ಅಡಿಪಾಯದ ಕಂಬಗಳಿಗೆ ಅರವತ್ತಡಿ ಆಳದ ಗುಂಡಿ ಕೊರೆಯುವ ಯಂತ್ರ ತರಿಸಿದ. ಮೊದಲ ಗುಂಡಿಯಲ್ಲೇ ಅದರ ಹಲ್ಲಿಗೆ ಕಪ್ಪು ಚಿಂದಿ ಸುತ್ತಿಕೊಂಡು ಮೇಲೆ ಬಂತು. ಶ್ರೀಮಂತ ಮುಟ್ಟಿ ನೋಡಿದ. ಹಿಂದೆ ಇಲ್ಲಿ ಸಂತೆ ನಡೆಯುತ್ತಿತ್ತೇನೋ, ಈರುಳ್ಳಿ ಚೀಲ, ಎಂದು ಪಕ್ಕಕ್ಕೆ ಎಸೆದ. ಎರಡನೆಯ ಗುಂಡಿಯಲ್ಲೂ ಈರುಳ್ಳಿ ಚೀಲ. ಮೂರನೆಯದರಲ್ಲೂ ಈರುಳ್ಳಿ ಚೀಲ. ಎಷ್ಟು ಈರುಳ್ಳಿ ತಿಂದಿರಬೇಕು ಆ ಊರು.

ಯಂತ್ರ ನಡೆಸುವವನು ಮಿತಭಾಷಿ. ಆತ ಯಂತ್ರ ನಿಲ್ಲಿಸಿ ಕೆಳಗಿಳಿದು, ಇದು ಚೀಲವಲ್ಲ, ಗೋಡೆಯ ಬಲೆ ಎಂದ. ಕಂಬ ಬೇಕೆಂದಿದ್ದರೆ ಗೋಡೆ ಕಟ್ಟುವಾಗಲೇ ಅದಕ್ಕೆ ಕೊಳವೆ ನಿಲ್ಲಿಸಿ ಬಲೆಯನ್ನು ಸುತ್ತ ಹಾಯಿಸಬೇಕಿತ್ತು, ಈಗ ಬಲೆ ಮುಗಿಯುವ ಕಡೆಗೆ, ಇನ್ನೂ ಹದಿನೈದಡಿ ಹಿಂದಕ್ಕೆ ಸರಿಯಬೇಕು ಎಂದು ಬಿಡಿಸಿ ಹೇಳಿದ. ಶ್ರೀಮಂತನಿಗೆ ಎಲ್ಲವೂ ಅರ್ಥವಾಯಿತು. ಪಾಪ, ತಿಳಿಯಲಿಲ್ಲ ಎಂದು ಅವನನ್ನು ಕ್ಷಮಿಸಬೇಡಿ. ಆದರೆ ಹದಿನೈದಡಿ ಹಿಂದೆ ಹೋದರೆ ಅವನ ಹೆಸರಿನ ಮೊದಲೆರಡು ಅಕ್ಷರ ಪಕ್ಕದ ಕಟ್ಟಡದ ಮರೆಗೆ ಹೋಗುತ್ತಿದ್ದವು.

“ಕೊರೀರಿ,” ಎಂದ.

ಯಂತ್ರದವನು ಕೈಮುಗಿದು ಹೊರಟುಹೋದ. ಮಾರನೆಯ ದಿನಕ್ಕೆ ಇನ್ನೊಬ್ಬ ಬಂದ. ಬೇಡ ಎನ್ನುವವನು ಹೋದರೆ ಸರಿ ಎನ್ನುವವನು ಸಿಗುವುದು ತಡವೇ?

ಗೋಡೆಯ ಬುಡದಲ್ಲಿ ಒಬ್ಬಾಕೆ ಇಡ್ಲಿ ಗಾಡಿ ಇಟ್ಟಿದ್ದಳು. ಇವಳ ಹೆಸರನ್ನು ಹೇಳಲೇಬೇಕು, ಏಕೆಂದರೆ ಶ್ರೀಮಂತ ಒಮ್ಮೆಯೂ ಕೇಳಲಿಲ್ಲ: ಪುಟ್ಟಸಿದ್ದವ್ವ. ಒಲೆ ಹಚ್ಚುವ ಮುಂಚೆ ಇಟ್ಟಿಗೆಯ ಸಂದಿಗೆ ಒಂದು ಊದುಬತ್ತಿ ಸಿಕ್ಕಿಸುವುದು ಅವಳ ಪೂಜೆ. ಸಂದಿ ಎಷ್ಟು ಬಿಗಿಯೆಂದರೆ ಕಡ್ಡಿಯ ತುದಿಯನ್ನು ಉಗುರಿನಿಂದ ಸೀಳಿ ತೂರಿಸಬೇಕಿತ್ತು. ಗುಂಡಿ ಕೊರೆಯಲು ಶುರುವಾದ ಮೇಲೆ ಅದು ಸಲೀಸಾಗಿ ಹೋಗತೊಡಗಿತು. ಐದನೆಯ ದಿನ ಕಡ್ಡಿ ಪೂರ್ತಿ ಒಳಗೆ ಬಿದ್ದು, ಗೋಡೆಯೊಳಗಿಂದ ಹೊಗೆ ಬಂತು.

ಪುಟ್ಟಸಿದ್ದವ್ವ ದಿಣ್ಣೆ ಹತ್ತಿ ಬಂದು ಸಂಗತಿ ಹೇಳಿದಳು. ಶ್ರೀಮಂತ ಕಣ್ಣು ಅರೆಮುಚ್ಚಿ, ನಿನ್ನ ಭಕ್ತಿಯನ್ನು ಗೋಡೆಯೇ ಸ್ವೀಕರಿಸುತ್ತಿದೆ ತಾಯಿ ಎಂದ.

“ಗ್ವಾಡೆಗ್ಯಾಕ್ ಬುದ್ಧಿ ಊದ್‌ಬತ್ತಿ? ಕೆಳಕ್ ಬಂದು ನಿಮ್ ಬೆರಳ್ನ ಸಂದೀಲಿ ಇಕ್ ನೋಡಿ. ಉಂಗ್ರದ್ ಗಂಟ ಹೋಯ್ತದೆ.”

ಅರವತ್ತಡಿ ಕೊರೆಸಿದವನಿಗೆ ಮೂವತ್ತಡಿ ಇಳಿಯುವುದು ಕಷ್ಟವಾಯಿತು. ಇಳಿಯಲಿಲ್ಲ.

ಅವಳು ಗಾಡಿಯನ್ನು ರಸ್ತೆಯ ಆಚೆ ಬದಿಗೆ ತಳ್ಳಿಕೊಂಡು ಹೋದಳು. ಗೋಡೆಯ ನೆರಳಲ್ಲಿ ನಿಲ್ಲುತ್ತಿದ್ದ ಆಟೋದವರು ನಕ್ಕರು, ಗೇಲಿ ಮಾಡಿದರು, ಆಮೇಲೆ ಇಡ್ಲಿ ಇದ್ದ ಕಡೆಗೆ ತಾವೂ ಹೋದರು. ಭಕ್ತಿಯಿಂದಲ್ಲ, ಹಸಿವಿನಿಂದ ಬದುಕಿದರು ಆ ಪುಣ್ಯಾತ್ಮರು.

ಒಂಬತ್ತನೆಯ ಗುಂಡಿ ಅರ್ಧಕ್ಕೆ ಬಂದಿತ್ತು. ಗೋಡೆ ಹೊಟ್ಟೆ ಉಬ್ಬಿಸಿತು, ಒಮ್ಮೆ ನರಳಿತು, ಕುಸಿದು ಕೂತಿತು. ಯಂತ್ರದವನು ಹಿಂದಕ್ಕೆ ಹಾರಿಕೊಂಡ. ಗುಂಡಿಯ ಬಳಿ ನಿಂತಿದ್ದ ಶ್ರೀಮಂತ ಮಣ್ಣಿನ ಜೊತೆಗೇ ಜಾರಿ ರಸ್ತೆಯ ಅಂಚಿಗೆ ಬಂದು, ಎದೆಯವರೆಗೆ ಹೂತುಹೋದ. ಆಟೋದವರು ಇಡ್ಲಿ ತಟ್ಟೆಗಳಿಂದ ಮಣ್ಣು ತೋಡಿದರು. ಒಂದು ಕಾಲು ಮುರಿದಿತ್ತು. ಅದು ಇಂದಿಗೂ ಮಡಚುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅವನಿಗೆ ನೋವಿಗಿಂತ ಅನ್ಯಾಯವೇ ದೊಡ್ಡದಾಗಿ ಕಂಡಿತು. ನಾನು ಗೋಡೆಯಿಂದ ದೂರ ಇದ್ದೆನಲ್ಲಮ್ಮ ಎಂದು ಗೊಣಗಿದ.

ಪುಟ್ಟಸಿದ್ದವ್ವ ಅವನ ಬಾಯಿಗೆ ನೀರು ಹಿಡಿದಳು. “ಎಲ್ ದೂರ ಬುದ್ಧಿ? ನೀವ್ ನಿಂತಿದ್ದೇ ಗ್ವಾಡೆ ಮ್ಯಾಲೆ.”

ನಗುತ್ತೀರಾ? ನಗಿ, ನಗಿ. ಈಗ ನಿಮ್ಮ ಸರದಿ.

ನಿಮ್ಮ ಹೆಂಡತಿ ಸಂಜೆ ಅರ್ಧ ಗಂಟೆ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ಹಾಳು ಹರಟೆ ಎನ್ನುತ್ತೀರಿ. ನಿಮ್ಮ ಅಪ್ಪ ನಾಲ್ಕು ಮುದುಕರ ಜೊತೆ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂರುತ್ತಾರೆ. ಕಾಲಹರಣ ಎನ್ನುತ್ತೀರಿ. ಅದನ್ನೆಲ್ಲ ನಿಲ್ಲಿಸಿ, ಆ ಹೊತ್ತಿಗೆ ಭಜನೆಗೆ ಬಾ ಎಂದು ಎಳೆದು ತರುತ್ತೀರಿ. ದೇವರ ಕೆಲಸ ಅಲ್ಲವೇ? ಆಮೇಲೆ, ಇಷ್ಟು ದಿನ ಗಟ್ಟಿಯಾಗಿದ್ದವಳು ಯಾಕೆ ಹೀಗಾದಳು ಎಂದು ನನ್ನನ್ನು ಕೇಳಲು ಬರುತ್ತೀರಿ. ಅವಳು ನಿಂತದ್ದು ಯಾವುದರ ಬಲದಿಂದ, ಸ್ವಾಮಿ? ನೀವು ನಿಂತದ್ದು ಯಾರ ಬಲದಿಂದ?

ಇವತ್ತಿನಿಂದಲೇ ಇಷ್ಟು ಮಾಡಿ. ಮನೆಯವರ ದಿನದಿಂದ ಏನನ್ನಾದರೂ ಕಿತ್ತುಹಾಕುವ ಮುಂಚೆ, ಇದು ನಿನಗೆ ಏನು ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ. ಉತ್ತರ ಬಂದ ಮೇಲೆ ವೇದಾಂತ ಹೇಳಬೇಡಿ. ನೀವು ಇಲ್ಲಿ ಕೂತು ಪುಣ್ಯ ಕಟ್ಟಿಕೊಳ್ಳಲೆಂದು ಅಡುಗೆಮನೆಯಲ್ಲಿ ಯಾರು ಉಳಿದಿದ್ದಾರೋ, ಅವರಿಂದಲೇ ಶುರು ಮಾಡಿ. ಮಂಗಳಾರತಿಗೆ ಕಾಯಬೇಕಾಗಿಲ್ಲ. ಏಳಿ, ಮನೆಗೆ ಹೋಗಿ.