ನಾಲ್ಕು ದೈಗುರ್

ಓಲಾಫ್ಸ್‌ವೀಕ್ ಬಂದರು ಕಚೇರಿಯಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು.

“ಮೂರು ದಿನ ಆಯ್ತಲ್ಲಕ್ಕ, ಹ್ಯಾಲ್ತಿ ಇನ್ನೂ ಗ್ರೀನ್‌ಲ್ಯಾಂಡ್ ಮುಟ್ಟಿಲ್ಲ.”

“ನಿನ್ನ ಗಂಡ ಹೋಗಿರೋದು ಹಾಯಿದೋಣೀಲಿ ಕಣೇ. ಹಳೇ ಪುಸ್ತಕದಲ್ಲಿ ಇಲ್ಲಿಂದ ಅಲ್ಲಿಗೆ ನಾಲ್ಕು ದೈಗುರ್ ದಾರಿ ಅಂತಿದೆ.”

“ದೈಗುರ್ ಅಂದ್ರೆ ಅರ್ಧ ದಿನ ಅಲ್ವಾ?”

“ಅದು ಈಗಿನ ಲೆಕ್ಕ. ಆಗಿನೋರಿಗೆ ಹಗಲೂ ರಾತ್ರಿ ಸೇರಿ ಒಂದು. ಇನ್ನೂ ಒಂದು ದಿನ ಇದೆ. ಅವ್ನು ಇತಿಹಾಸದ ಮೇಷ್ಟ್ರು, ಅಷ್ಟೂ ಗೊತ್ತಿರಲ್ವಾ?”

“ಹಟಮಾರಿ ಅವ್ನು. ಪೂರ್ವಜರ ಹಾಗೇ ಹೋಗ್ತೀನಿ, ರೇಡಿಯೊ ಬೇಡ ಅಂದ. ದೈಗುರ್ ಅಂದ್ರೆ ಅರ್ಧ ದಿನಾನೇ ಅಂತ ವಾದ ಮಾಡಿ, ಎರಡೇ ದಿನಕ್ಕಾಗೋಷ್ಟು ನೀರು ತುಂಬಿಸ್ಕೊಂಡ.”

ದಿನ ಎಣಿಸುತ್ತಿದ್ದ ಅಕ್ಕನ ಬೆರಳು ನಿಂತಿತು. ಒಳಗಿನಿಂದ ಅಧಿಕಾರಿ ಅವರಿಬ್ಬರನ್ನು ಕರೆದರು. ಅಕ್ಕನೇ ಮೊದಲು ಎದ್ದಳು.

“ಬಾ. ನೀರಿನ ವಿಷ್ಯ ಮೊದ್ಲು ಹೇಳು.”